ಸುಲಭದ ಪುಸ್ತಕ ಓದೋಕೆ ನಾಚಿಕೆ ಯಾಕೆ?

ಸಂಪಾದಕರಿಗೆ ನಮಸ್ಕಾರ,

ಇಂಗ್ಲಿಷ್ ಕಲಿಯುವವರಿಗೆ ಅಂತಲೇ ಸರಳ ಭಾಷೆಯಲ್ಲಿ ಬರೆದ ಕಥೆ ಪುಸ್ತಕಗಳಿವೆ. ಗ್ರೇಡೆಡ್ ರೀಡರ್ ಅಂತಾರೆ. ಇವನ್ನು ಕಂಡರೆ ತುಂಬಾ ಜನರಿಗೆ ಅಸಡ್ಡೆ. 'ಓದೋದಾದರೆ ಮೂಲವನ್ನೇ ಓದಬೇಕು, ಇದೇನು ಮಕ್ಕಳಾಟ' ಅನ್ನೋ ಮಾತನ್ನು ಮೇಷ್ಟ್ರುಗಳ ಬಾಯಲ್ಲಿ, ಅಪ್ಪ ಅಮ್ಮಂದಿರ ಬಾಯಲ್ಲಿ, ಚೆನ್ನಾಗಿ ಓದಿಕೊಂಡ ಗೆಳೆಯರ ಬಾಯಲ್ಲೂ ಕೇಳಿದ್ದೇನೆ. ಆ ಮಾತು ತಪ್ಪು. ಅದನ್ನು ನಂಬಿ ಎಷ್ಟೋ ಜನ ಓದುವುದನ್ನೇ ಬಿಟ್ಟಿದ್ದಾರೆ.

ನಾನೂ ಹಾಗೆ ಬಿಟ್ಟವನೇ. ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಸರಿ ಮಾಡಿಕೊಳ್ಳಬೇಕು ಅಂತ ಒಂದು ದಪ್ಪ ಕಾದಂಬರಿ ಹಿಡಿದು ಕೂತೆ. ಪಕ್ಕದಲ್ಲಿ ಡಿಕ್ಷನರಿ, ಕೈಯಲ್ಲಿ ಪೆನ್ಸಿಲ್. ಗೊತ್ತಿಲ್ಲದ ಪದ ಬಂದಾಗಲೆಲ್ಲ ಅದರ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಕನ್ನಡದ ಅರ್ಥ ಬರೆಯುತ್ತಾ ಹೋದೆ. ಮೂರನೇ ಪುಟಕ್ಕೆ ಬರುವ ಹೊತ್ತಿಗೆ ಅಚ್ಚಿನ ಸಾಲುಗಳ ಮಧ್ಯೆ ಪೆನ್ಸಿಲ್ಲಿನ ಇನ್ನೊಂದು ಪುಟವೇ ತುಂಬಿಕೊಂಡಿತ್ತು, ಆದರೆ ಯಾರು ಯಾರಿಗೆ ಏನಂದರು, ಆ ಹೆಂಗಸು ಯಾಕೆ ಊಟದ ಮಧ್ಯೆ ಎದ್ದು ಹೋದಳು ಅನ್ನೋದು ಮಾತ್ರ ತಲೆಗೆ ಹತ್ತಿರಲಿಲ್ಲ. ಹನ್ನೊಂದನೇ ಪುಟಕ್ಕೆ ಮುಚ್ಚಿಟ್ಟೆ. ಇದು ನನ್ನ ಕೈಲಾಗದ ಕೆಲಸ ಅಂದುಕೊಂಡು ಎರಡು ವರ್ಷ ಇಂಗ್ಲಿಷ್ ಪುಸ್ತಕ ಮುಟ್ಟಲಿಲ್ಲ.

ಆಮೇಲೆ ಒಂದು ಲೆಕ್ಕ ಗೊತ್ತಾಯಿತು. ಕಲಿಯುವವರಿಗೆ ಎಷ್ಟು ಪದ ಬೇಕು ಅನ್ನೋದರ ಮೇಲೆ ಬಹಳ ಕೆಲಸ ಮಾಡಿದ ಪಾಲ್ ನೇಷನ್ ಎಂಬ ವಿದ್ವಾಂಸರು ಇನ್ನೊಬ್ಬರ ಜೊತೆ ಸೇರಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕಥೆಯನ್ನು ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು. ಅಂದರೆ 250 ಪದಗಳ ಪುಟದಲ್ಲಿ ಗೊತ್ತಿಲ್ಲದ್ದು 5 ಮಾತ್ರ. ನೂರಕ್ಕೆ 90 ಗೊತ್ತಿದ್ದರೆ? ಪರೀಕ್ಷೆಯಲ್ಲಿ 90 ಬಂದರೆ ದೊಡ್ಡ ಮಾರ್ಕ್ಸು, ಅಲ್ವಾ? ಪುಸ್ತಕದಲ್ಲಿ ಹಾಗಲ್ಲ. ಪುಟಕ್ಕೆ 25 ಕಡೆ, ಹೆಚ್ಚುಕಮ್ಮಿ ಸಾಲಿಗೊಮ್ಮೆ ಎಡವುತ್ತೀರಿ. ಮೂಲ ಕಾದಂಬರಿಗಳಲ್ಲಿ ಆ 98 ಮುಟ್ಟಬೇಕಾದರೆ 8ರಿಂದ 9 ಸಾವಿರ ಪದಕುಟುಂಬ ಬೇಕು ಅಂತ 2006ರಲ್ಲಿ ಅವರೇ ಲೆಕ್ಕ ಕೊಟ್ಟರು. ಹೆಲ್ಪ್, ಹೆಲ್ಪಿಂಗ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಎಲ್ಲ ಸೇರಿದರೆ ಒಂದು ಕುಟುಂಬ. ಎರಡು ಸಾವಿರ ಗೊತ್ತಿರುವವನಿಗೆ ಮೂಲವನ್ನೇ ಓದು ಅಂದರೆ ಮೆಟ್ಟಿಲೇ ಇಲ್ಲದ ಅಟ್ಟ ಹತ್ತು ಅಂದ ಹಾಗೆ.

ಆ ಮೆಟ್ಟಿಲೇ ಈ ಪುಸ್ತಕಗಳು. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆಯನ್ನೇ ನೋಡಿ. ಒಂದನೇ ಹಂತಕ್ಕೆ 400 ಮೂಲಪದ, ಆರನೇ ಹಂತಕ್ಕೆ 2500. ಇದು ಇವತ್ತು ನಿನ್ನೆಯ ಯೋಚನೆಯೂ ಅಲ್ಲ. 1920ರ ದಶಕದಲ್ಲೇ ಢಾಕಾದಲ್ಲಿ ಕೆಲಸ ಮಾಡುತ್ತಿದ್ದ ಮೈಕಲ್ ವೆಸ್ಟ್ ಎಂಬ ಶಿಕ್ಷಣತಜ್ಞರು ಅಪರೂಪದ ಪದ ತೆಗೆದು ಬಳಕೆಯ ಪದ ಹಾಕಿ, ಹೊಸ ಪದಗಳನ್ನು ಒಂದೇ ಕಡೆ ಸುರಿಯದೆ ದೂರ ದೂರ ಇಟ್ಟು, ಬಂದ ಪದ ಮತ್ತೆ ಮತ್ತೆ ಬರುವಂತೆ ಪಾಠದ ಪುಸ್ತಕ ಬರೆದರು.

ಮತ್ತೆ ಮತ್ತೆ ಬರುವುದರ ಗುಣ ನನಗೆ ಒಂದು ತೆಳು ಪುಸ್ತಕದಲ್ಲಿ ಗೊತ್ತಾಯಿತು. ಲೈಬ್ರರಿಯಲ್ಲಿ ಸುಮ್ನೆ ಕೈಗೆ ಸಿಕ್ಕಿದ್ದು, ಎರಡನೇ ಹಂತದ್ದು. ಅದರಲ್ಲಿ 'ಪ್ರಿಟೆಂಡ್' ಅನ್ನೋ ಪದ ನನಗೆ ಗೊತ್ತಿರಲಿಲ್ಲ. ಮೊದಲ ಸಲ ಒಬ್ಬ ಹುಡುಗ ಕಣ್ಣು ಮುಚ್ಚಿ ಮಲಗಿದ್ದಾನೆ, ಆದರೆ ಪಕ್ಕದ ಕೋಣೆಯ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದಾನೆ. ಆಮೇಲೆ ಅವನ ಅಕ್ಕ ಕಾಗದವನ್ನು ಓದಿಯೂ ಓದದ ಹಾಗೆ ಇರುತ್ತಾಳೆ. ಮೂರನೇ ಸಲ ಬರುವಷ್ಟರಲ್ಲಿ ಪದ ನನ್ನದಾಗಿತ್ತು. ಡಿಕ್ಷನರಿ ತೆರೆದಿರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಪುಸ್ತಕ ಮುಗಿಯಿತು. ನಾನು ಪೂರ್ತಿ ಓದಿದ ಮೊದಲ ಇಂಗ್ಲಿಷ್ ಪುಸ್ತಕ ಅದು, ಆ ಖುಷಿಗೆ ಸ್ವಲ್ಪ ಹೊತ್ತು ನಿದ್ದೆಯೇ ಬರಲಿಲ್ಲ.

ಎಲ್ಲ ಸರಳ ಪುಸ್ತಕವೂ ಚೆನ್ನಾಗಿರುತ್ತೆ ಅಂತ ನಾನು ಹೇಳುತ್ತಿಲ್ಲ. ಕೆಟ್ಟವು ಬೇಕಾದಷ್ಟಿವೆ. ದೊಡ್ಡ ಕಾದಂಬರಿಯನ್ನು ಕತ್ತರಿಸಿ, ಅವನು ಬಂದ, ಇವಳು ಹೋದಳು, ಅವರು ಮದುವೆಯಾದರು ಅಂತ ವರದಿ ಒಪ್ಪಿಸುವ ಪುಸ್ತಕದಲ್ಲಿ ಕಥೆಯೇ ಇರುವುದಿಲ್ಲ. ಒಳ್ಳೆಯ ಬರಹಗಾರರು ಕೈಯಲ್ಲಿರುವ ನಾನೂರು ಐನೂರು ಪದದಲ್ಲೇ ಭಯ ಹುಟ್ಟಿಸುತ್ತಾರೆ. 'ಹೀ ಹರ್ಡ್ ದ ಡೋರ್. ಹೀ ಡಿಡ್ ನಾಟ್ ಟರ್ನ್ ಅರೌಂಡ್.' ಇದರಲ್ಲಿ ಕಷ್ಟದ ಪದ ಒಂದಾದರೂ ಇದೆಯಾ? ಆದರೂ ಮುಂದೇನು ಅನ್ನಿಸುತ್ತದೆ. ಕಲಿಯುವವರಿಗಾಗಿಯೇ ಹೊಸದಾಗಿ ಬರೆದ ಕಥೆಗಳೂ ಇವೆ, ದೊಡ್ಡವರ ಬದುಕಿನ ಬಗ್ಗೆ. ನಲವತ್ತು ವರ್ಷದವರ ಕೈಗೆ ಮೊಲ ಆಮೆಯ ಚಿತ್ರದ ಪುಸ್ತಕ ಕೊಡಬೇಕಾಗಿಲ್ಲ.

ಇನ್ನೊಂದು ಬೇಸರ ಇದೆ. ಶಾಲೆಗಳಲ್ಲಿ ಇಂಥ ಪುಸ್ತಕ ಕೊಟ್ಟರೂ ಬೆನ್ನಿಗೇ ಪ್ರಶ್ನೆಪತ್ರಿಕೆ ಕಟ್ಟುತ್ತಾರೆ. ಸಾರಾಂಶ ಬರಿ, ಹತ್ತು ಹೊಸ ಪದ ಪಟ್ಟಿ ಮಾಡು, ಪಾತ್ರದ ಗುಣ ವಿವರಿಸು. ಅಲ್ಲಿಗೆ ಮಗುವಿಗೆ ಕಥೆಯ ರುಚಿ ಹೋಯಿತು. ಫಿಜಿಯ ಹಳ್ಳಿ ಶಾಲೆಗಳಲ್ಲಿ ನಡೆದು 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತರಗತಿಗಳಿಗೆ 250ರಷ್ಟು ಚಿತ್ರಗಳಿರುವ ಇಂಗ್ಲಿಷ್ ಕಥೆ ಪುಸ್ತಕ ಕೊಟ್ಟಿದ್ದರು. ಕೆಲವು ತರಗತಿಯಲ್ಲಿ ಮೇಷ್ಟ್ರು ಜೊತೆಗೆ ಓದಿ ಮಾತಾಡಿದರು, ಕೆಲವು ಕಡೆ ಮಕ್ಕಳು ಸುಮ್ಮನೆ ಓದಿಕೊಂಡರು ಅಷ್ಟೇ. ಎರಡೂ ಕಡೆ ಮಕ್ಕಳ ಓದು, ಎಂದಿನ ಪಾಠ ನಡೆದ ತರಗತಿಗಳಿಗಿಂತ ಬಹಳ ಬೇಗ ಮುಂದೆ ಹೋಯಿತು.

ಹಾಗಾಗಿ ಮೇಷ್ಟ್ರುಗಳಿಗೆ, ಲೈಬ್ರರಿಯವರಿಗೆ ನನ್ನ ಕೋರಿಕೆ ಇಷ್ಟು. ಈ ಪುಸ್ತಕಗಳನ್ನು ಮಕ್ಕಳ ಕಪಾಟಿನ ಮೂಲೆಯಲ್ಲಿ ತುರುಕಬೇಡಿ. ಹಂತದ ಪ್ರಕಾರ ಜೋಡಿಸಿ, ದೊಡ್ಡವರ ಕಣ್ಣಿಗೆ ಬೀಳುವ ಕಡೆ ಇಡಿ. ಒಬ್ಬ ಪ್ರಕಾಶಕರ ಮೂರನೇ ಹಂತ ಇನ್ನೊಬ್ಬರ ಮೂರನೇ ಹಂತಕ್ಕೆ ಸಮ ಇರುವುದಿಲ್ಲ, ಆದ್ದರಿಂದ ನಂಬರ್ ನಂಬಬೇಡಿ, ಒಂದು ಪುಟ ಓದಿಸಿ ನೋಡಿ. ಐದಾರು ಪದಕ್ಕಿಂತ ಜಾಸ್ತಿ ತಡವರಿಸಿದರೆ ಒಂದು ಹಂತ ಕೆಳಗಿನದನ್ನು ಕೊಡಿ, ಮುಖ ಸಣ್ಣದು ಮಾಡದೆ ಕೊಡಿ.

ಸಂಪಾದಕರೇ, ನಿಮ್ಮ ಪುಸ್ತಕ ಪರಿಚಯದ ಪುಟದಲ್ಲಿ ತಿಂಗಳಿಗೊಂದು ಇಂಥ ಪುಸ್ತಕದ ಬಗ್ಗೆ ಬರೆಸಿ. ಯಾವುದು ಕಥೆ, ಯಾವುದು ಬರೀ ವರದಿ ಅಂತ ಓದಿದವರು ಹೇಳಿದರೆ ಹೊಸದಾಗಿ ಶುರು ಮಾಡುವವರು ಹನ್ನೊಂದನೇ ಪುಟದಲ್ಲಿ ನಿಂತುಬಿಡುವುದು ತಪ್ಪುತ್ತದೆ.

ಇಂತಿ,
ನಿಮ್ಮ ಓದುಗ