ಓಟು ಹಾಕೋ ಹಕ್ಕು ಒಂದೇ ಸಾಕಾ?

ಸಂಪಾದಕರೇ, ಸೋಶಿಯಲ್ ಡೆಮಾಕ್ರಸಿ ಅಂದ್ರೆ ಕಮ್ಯುನಿಸಂ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಂಗಲ್ಲ, ಓಟು, ಖಾಸಗಿ ಕಂಪನಿ ಎಲ್ಲಾ ಉಳಿಸ್ಕೊಂಡೇ ಟ್ಯಾಕ್ಸ್ ದುಡ್ಡಲ್ಲಿ ಜನರ ಬದುಕಿಗೆ ಭದ್ರತೆ ಕೊಡೋ ಪದ್ಧತಿ ಅದು. ಸ್ವೀಡನ್ ನೋಡಿ, ಅಲ್ಲೂ ಓಟು, ಕೋರ್ಟು, ಖಾಸಗಿ ಕಂಪನಿ ಎಲ್ಲಾ ಇದೆ, ಪತ್ರಿಕಾ ಸ್ವಾತಂತ್ರ್ಯದ ಕಾನೂನು 1766ರಲ್ಲೇ ಬಂತು, ಈ ಲಿಬರಲ್, ಅಂದ್ರೆ ವ್ಯಕ್ತಿ ಸ್ವಾತಂತ್ರ್ಯದ, ಅಡಿಪಾಯ ಇಟ್ಕೊಂಡೇ 1932ರಿಂದ ಸೋಶಿಯಲ್ ಡೆಮಾಕ್ರಾಟ್ ಪಕ್ಷದವ್ರು ಕಾರ್ಮಿಕ ಯೂನಿಯನ್‌ಗಳ ಬೆಂಬಲದಲ್ಲಿ ಪೆನ್ಷನ್, ಆಸ್ಪತ್ರೆ, ಸ್ಕೂಲು ಅಂತ ಕಟ್ತಾ ಹೋದ್ರು. ಮಗು ಆದ್ರೆ ಅಪ್ಪ ಅಮ್ಮಂಗೆ ಸೇರಿ 480 ದಿನ ಭತ್ಯೆ ಸಮೇತ ರಜೆ, ತಲಾ 90 ದಿನ ಮೀಸಲು, ಅಪ್ಪ ತಗೊಳ್ಳಿಲ್ಲಾಂದ್ರೆ ಅವನ ಪಾಲು ಹೋಯ್ತು ಅಷ್ಟೇ. ಅಮೆರಿಕದಲ್ಲಿ 1993ರ ಕೇಂದ್ರ ಕಾನೂನು ಕೊಡೋದು ಬರೀ 12 ವಾರ, ಅದೂ ಸಂಬಳ ಇಲ್ದೆ, ಸಣ್ಣ ಕಂಪನಿಯವ್ರಿಗೆ ಅದೂ ಇಲ್ಲ. ಸ್ವೀಡನ್‌ನಲ್ಲಿ ಟ್ಯಾಕ್ಸ್ ಜಾಸ್ತಿ, ವ್ಯಾಟೇ 25%, ನಿಜ. ಆದ್ರೆ ಬಾಣಂತಿ ಸಂಬಳಕ್ಕೋಸ್ಕರ ಎಳೆಕೂಸು ಬಿಟ್ಟು ಡ್ಯೂಟಿಗೆ ಓಡೋ ಪರಿಸ್ಥಿತಿನ ಸ್ವಾತಂತ್ರ್ಯ ಅಂತ ಕರಿಯೋಕೆ ನನ್ನ ಮನಸ್ಸು ಒಪ್ಪಲ್ಲ.