ಭಾನುವಾರದ ಅಭ್ಯಾಸ: ಟ್ಯಾಕಲ್ ನಂತರ ಆಟ ಶುರು ಮಾಡುವ ಕ್ರಮ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 6.30ಕ್ಕೆ ಶಿವಮೊಗ್ಗದ ನಮ್ಮ ಎಂದಿನ ಮೈದಾನದಲ್ಲಿ ರಗ್ಬಿ ಲೀಗ್ (ರಗ್ಬಿಯ ಒಂದು ಬಗೆ) ಅಭ್ಯಾಸವಿದೆ. ಮಳೆ ಬಂದರೂ ನಿಲ್ಲಿಸುವುದಿಲ್ಲ. ಹಿಂದಿನ ವಾರ ಮೂರು ಸಲ ಚೆಂಡು ಬಿಟ್ಟುಕೊಟ್ಟೆವು, ಮೂರೂ ಸಲ ಟ್ಯಾಕಲ್ (ಚೆಂಡು ಹಿಡಿದವರನ್ನು ಎದುರಾಳಿಗಳು ಹಿಡಿದು ತಡೆಯುವುದು) ಆದ ಮೇಲೆಯೇ. ಅದು ನನ್ನನ್ನು ಬಹಳ ಕಾಡಿದೆ.

ಟ್ಯಾಕಲ್‌ಗೆ ಸಿಕ್ಕವರು ಮೊದಲು ಎದ್ದು ಎರಡೂ ಕಾಲಿನ ಮೇಲೆ ನಿಲ್ಲಬೇಕು. ಎದುರಾಳಿಯ ಗೋಲ್ ಗೆರೆಯತ್ತ ಮುಖ ಮಾಡಿ, ಚೆಂಡನ್ನು ನೆಲದಿಂದ ಮೇಲೆತ್ತಿ, ಮುಂದಿನ ಪಾದದ ಎದುರು ಇಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಒದ್ದೆ ಹುಲ್ಲಿನಲ್ಲಿ ಚೆಂಡು ಸಾಬೂನಿನಂತೆ ಜಾರುತ್ತದೆ. ಅಂಗೈಯಿಂದ ಒತ್ತಿ ನಿಲ್ಲಿಸಿಯೇ ಕೈ ಬಿಡಿ. ಹಿಂದೆ ನಿಂತ ಡಮ್ಮಿ ಹಾಫ್ (ಉರುಳಿ ಬಂದ ಚೆಂಡನ್ನು ಎತ್ತಿಕೊಳ್ಳುವ ನಮ್ಮ ಆಟಗಾರ) ಸಿದ್ಧರಿದ್ದಾರೆಯೇ ಎಂದು ಗಮನಿಸಿ.

ಕಬಡ್ಡಿಯಿಂದ ಬಂದ ಗೆಳೆಯರೇ, ಹಿಡಿತ ನಿಮ್ಮ ಬಲ. ಆದರೆ ಇಲ್ಲಿ ಟ್ಯಾಕಲ್ ಮುಗಿದ ಕೂಡಲೇ ಬಿಟ್ಟು ಏಳಬೇಕು. ಟ್ಯಾಕಲ್ ಮಾಡಿದ ತಂಡದಿಂದ, ಚೆಂಡು ಉರುಳಿಸುವವರ ಎದುರಿಗೆ ನಿಲ್ಲುವ ಮಾರ್ಕರ್‌ಗಳಾಗಿ ಇಬ್ಬರಿಗಷ್ಟೇ ಅವಕಾಶ, ಅದೂ ಒಬ್ಬರ ಹಿಂದೆ ಒಬ್ಬರು. ಆ ತಂಡದ ಉಳಿದವರು 10 ಮೀಟರ್ ಹಿಂದೆ ಸರಿಯಬೇಕು.

ತೀರ್ಥಹಳ್ಳಿ, ಸಾಗರದ ಕಡೆಯವರು ಹಿಂದಿನ ರಾತ್ರಿಯೇ ಬರುವುದಾದರೆ ತಿಳಿಸಿ, ಉಳಿಯಲು ವ್ಯವಸ್ಥೆ ಮಾಡುತ್ತೇನೆ. ಬರುವವರೆಲ್ಲರೂ ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಬರೆಯಿರಿ; ಒಣ ಟವೆಲ್ ಮರೆಯದೆ ತನ್ನಿ.