ಆ 26 ಡಿಗ್ರಿ ನಮ್ಮ ಜಾತಕದ್ದಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಸ್ಥಿರ ನಕ್ಷತ್ರಗಳು ಜಾತಕಕ್ಕೆ ಏನು ಮಾಡುತ್ತವೆ ಅಂತ ಒಂದು ಬರಹ ಬಂದಿತ್ತು. ಅದರಲ್ಲಿ ಒಂದು ಸಾಲು ತಪ್ಪಾಗಿದೆ. ಆ ಸಾಲಿನಿಂದ ನಮ್ಮ ಮನೆಯಲ್ಲಿ ಒಂದು ಮದುವೆ ಮಾತುಕತೆ ನಿಂತು ಕೂತಿದೆ. ಅದಕ್ಕೇ ಈ ಪತ್ರ.

ನಾನು ಸಾಗರದಲ್ಲಿ 19 ವರ್ಷದಿಂದ ಜೆರಾಕ್ಸ್, ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಪಹಣಿ, ಬಯೋಡೇಟಾ, ಮದುವೆ ಕಾಗದ, ಜೊತೆಗೆ ಜಾತಕ. ನಮ್ಮದು ಜೋಯಿಸರ ಮನೆತನವಲ್ಲ. ಹುಟ್ಟಿದ ದಿನ, ಟೈಮು, ಊರು ಕೊಟ್ಟರೆ ಕಂಪ್ಯೂಟರ್ ಲೆಕ್ಕ ಹಾಕುತ್ತೆ, ನಾನು ಪ್ರಿಂಟ್ ತೆಗೆದು ಅರಿಶಿನ ಹಚ್ಚಿ ಕೊಡುತ್ತೇನೆ. ಫಲ ಹೇಳುವ ಕೆಲಸಕ್ಕೆ ನಾನು ಹೋದವಳಲ್ಲ. ಆದರೆ ಡಿಗ್ರಿ ವಿಷಯ ನನಗೆ ಗೊತ್ತು.

ನಿಮ್ಮ ಲೇಖಕರು ಹೇಳಿದ್ದು ಇಷ್ಟು. ಪಶ್ಚಿಮದವರ ಜ್ಯೋತಿಷದಲ್ಲಿ ಅಲ್ಗೋಲ್ ಅಂತ ಒಂದು ತಾರೆ ಇದೆ. ಅರಬ್ಬಿ ಹೆಸರಿನ ಅರ್ಥ ರಾಕ್ಷಸನ ತಲೆ. ಗ್ರೀಕರ ಕಥೆಯಲ್ಲಿ ಪರ್ಸಿಯಸ್ ಕತ್ತರಿಸಿ ಹಿಡಿದ ಮೆಡೂಸಾಳ ತಲೆ. ಜಾತಕದಲ್ಲಿ ಇದರ ಜೊತೆ ಚಂದ್ರನೋ ಲಗ್ನವೋ ಕೂಡಿದರೆ ‘ತಲೆ ಹೋಗುವ’ ಯೋಗ ಅಂತ ಅವರ ಹಳೆಯ ನಂಬಿಕೆ. ಇಲ್ಲಿವರೆಗೆ ಸರಿ. ಆಮೇಲೆ ಬರೆದಿದ್ದಾರೆ: ಅದು ಇರುವುದು ವೃಷಭ 26 ಡಿಗ್ರಿಯಲ್ಲಿ, ನಿಮ್ಮ ಜಾತಕ ತೆಗೆದು ನೋಡಿಕೊಳ್ಳಿ ಅಂತ.

ನನ್ನ ಅಕ್ಕನ ಮಗಳದು ಮೃಗಶಿರ ಒಂದನೇ ಪಾದ, ವೃಷಭ ರಾಶಿ. ಚಂದ್ರ ಸರಿಯಾಗಿ 26ರಲ್ಲಿ. ಹೊಸನಗರದ ಕಡೆಯ ಹುಡುಗ, ಎರಡೂ ಮನೆಯವರಿಗೆ ಒಪ್ಪಿಗೆಯಾಗಿತ್ತು. ಸೋಮವಾರ ಬೆಳಿಗ್ಗೆ ಹುಡುಗನ ಸೋದರತ್ತೆಯ ಫೋನ್. “ಮೃಗಶಿರ ಅಂದ್ರೂ ತಲೆಯೇ, ರಾಕ್ಷಸನ ತಲೆ ಅಂದ್ರೂ ತಲೆಯೇ. ಸ್ವಲ್ಪ ದಿನ ನೋಡೋಣ ಬಿಡಿ” ಅಂದರಂತೆ. ಅಕ್ಕ ಅವತ್ತು ಊಟ ಮಾಡಲಿಲ್ಲ.

ಈಗ ತಪ್ಪು ಎಲ್ಲಿ ಅಂತ ಹೇಳುತ್ತೇನೆ. ಪಶ್ಚಿಮದವರದು ಸಾಯನ ಲೆಕ್ಕ. ಹಗಲು ರಾತ್ರಿ ಸಮವಾಗುವ ಮಾರ್ಚ್ ತಿಂಗಳ ಬಿಂದುವೇ ಅವರಿಗೆ ಮೇಷದ ಸೊನ್ನೆ. ಆ ಬಿಂದು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಹಿಂದೆ ಸರಿಯುತ್ತೆ. ನಮ್ಮದು ನಿರಯಣ, ನಕ್ಷತ್ರಗಳಿಗೆ ಕಟ್ಟಿದ ಲೆಕ್ಕ. ಎರಡರ ನಡುವೆ ಈಗ 24 ಡಿಗ್ರಿ ಚಿಲ್ಲರೆ ಅಂತರ. ಅದೇ ಅಯನಾಂಶ. 26ರಲ್ಲಿ 24 ಕಳೆಯಿರಿ. ಅಲ್ಗೋಲ್ ನಮ್ಮ ಜಾತಕದಲ್ಲಿ ವೃಷಭ 2ರ ಆಸುಪಾಸು, ಕೃತ್ತಿಕಾ ಎರಡನೇ ಪಾದಕ್ಕೆ ಬರುತ್ತೆ. ಅವರದೇ ಲೆಕ್ಕ ಹಿಡಿದರೆ ನಮ್ಮ ಹುಡುಗಿಯ ಚಂದ್ರ ವೃಷಭದಲ್ಲೇ ಇಲ್ಲ, ಮಿಥುನ 20ರ ಹತ್ತಿರ ಇದ್ದಾನೆ. ಯಾವ ಕಡೆಯಿಂದ ಎಣಿಸಿದರೂ ಇಬ್ಬರೂ ಭೇಟಿಯಾಗುವುದಿಲ್ಲ. ನಿಮ್ಮ ಲೇಖಕರು ತಾರೆಯನ್ನು ಅವರ ಪಟ್ಟಿಯಿಂದ ತಂದರು, ಚಂದ್ರನನ್ನು ನಮ್ಮ ಜಾತಕದಿಂದ ತಂದರು. ಸೇರಲ್ಲಿ ಅಳೆದದ್ದನ್ನು ಕೆಜಿ ಅಂತ ಬರೆದುಕೊಂಡ ಹಾಗಾಯಿತು.

ನಾನೇನು ತಪ್ಪೇ ಮಾಡದವಳಲ್ಲ. ಹಿಂದೊಮ್ಮೆ ಹೊಸ ಸಾಫ್ಟ್‌ವೇರ್ ಹಾಕಿಸಿದಾಗ ಸೆಟ್ಟಿಂಗ್ ಸಾಯನದಲ್ಲೇ ಉಳಿದುಬಿಟ್ಟಿತ್ತು. ನಾಲ್ಕು ಜಾತಕ ಹೊರಗೆ ಹೋದಮೇಲೆ ಒಬ್ಬರು ವಾಪಸ್ ಬಂದು, “ನನ್ನ ಮಗಂದು ಧನು, ನೀವು ಮಕರ ಮಾಡಿದ್ದೀರಲ್ಲಮ್ಮ” ಅಂದರು. ಉಳಿದ ಮೂವರನ್ನು ಹುಡುಕಿ ಬೇರೆ ಪ್ರಿಂಟ್ ಕೊಡುವಷ್ಟರಲ್ಲಿ ಸಾಕಾಗಿತ್ತು. ಅಂದಿನಿಂದ ಮೊದಲು ನೋಡುವುದು ಅಯನಾಂಶವನ್ನೇ. ಅಲ್ಲಿ ಲಾಹಿರಿ, ರಾಮನ್ ಅಂತ ಬೇರೆ ಬೇರೆ ಅಯನಾಂಶ ಲೆಕ್ಕಗಳು ಇರುತ್ತವೆ. ಲಾಹಿರಿಯದು ಚಿತ್ರಾ ತಾರೆಯನ್ನು ನೆಚ್ಚಿದ್ದು, ಚಿತ್ರಾ ಇರುವಲ್ಲಿಂದ ಸರಿಯಾಗಿ ಎದುರಿಗೆ ಮೇಷದ ಶುರು. ಮೇಘನಾದ ಸಾಹಾ ಅಧ್ಯಕ್ಷರಾಗಿದ್ದ, 1952ರ ಪಂಚಾಂಗ ಸುಧಾರಣಾ ಸಮಿತಿ ಹಿಡಿದದ್ದೂ ಚಿತ್ರಾವನ್ನೇ. ಹಾಗೆ ನೋಡಿದರೆ ನಮ್ಮಲ್ಲೂ ಒಂದು ಸ್ಥಿರ ನಕ್ಷತ್ರ ಇದೆ. ಅದು ಯಾರ ತಲೆಯನ್ನೂ ಕೇಳುವುದಿಲ್ಲ, ಗೂಟದ ಹಾಗೆ ನಿಂತಿದೆ ಅಷ್ಟೆ.

ಇನ್ನೊಂದು ಮಾತು. ಕೃತ್ತಿಕಾ ಎರಡನೇ ಪಾದದವರು ಇದನ್ನು ಓದಿ ಹೆದರುವುದು ಬೇಡ. ಅಲ್ಗೋಲ್ ಇರುವುದು ಸೂರ್ಯನ ದಾರಿಯಿಂದ 22 ಡಿಗ್ರಿ ಉತ್ತರಕ್ಕೆ. ಚಂದ್ರ ಆ ದಾರಿಯಿಂದ ಐದು ಡಿಗ್ರಿ ಚಿಲ್ಲರೆಗಿಂತ ಜಾಸ್ತಿ ಸರಿಯುವುದಿಲ್ಲ. ಕೈ ನೀಡಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ. ಅಂದರೆ ಚಂದ್ರ ಎಷ್ಟೇ ಹತ್ತಿರ ಬಂದರೂ ನಡುವೆ ಒಂದೂವರೆ ಮುಷ್ಟಿ ಖಾಲಿ ಇರುತ್ತೆ. ಮಘಾ, ಚಿತ್ರಾ, ಜ್ಯೇಷ್ಠಾ, ರೋಹಿಣಿ ತಾರೆಗಳನ್ನು ಚಂದ್ರ ಒಮ್ಮೊಮ್ಮೆ ನಿಜವಾಗಿ ಮರೆ ಮಾಡುತ್ತಾನೆ. ಅಲ್ಗೋಲ್ ಜೊತೆ ಕೂಡುವುದು ಕಾಗದದ ಮೇಲೆ ಮಾತ್ರ.

ನನಗೆ ಈ ತಾರೆಯನ್ನು ತೋರಿಸಿದ್ದು ಯಾರು ಗೊತ್ತಾ? ಇದೇ ಹುಡುಗಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ. ಹೋದ ಡಿಸೆಂಬರಿನಲ್ಲಿ ಅಕ್ಕನ ಮನೆಗೆ ಅಡಿಕೆ ಸುಲಿಯಲು ಹೋಗಿದ್ದೆ. ಎಂಟು ಗಂಟೆ ಸುಮಾರಿಗೆ, “ಚಿಕ್ಕಿ, ಬಾ ಇಲ್ಲಿ, ಇವತ್ತು ಒಂದು ನಕ್ಷತ್ರ ಮಂಕಾಗುತ್ತೆ” ಅಂತ ಅಂಗಳಕ್ಕೆ ಎಳೆದುಕೊಂಡು ಹೋದಳು. ಕೃತ್ತಿಕೆಯ ಗೊಂಚಲಿನಿಂದ ಉತ್ತರಕ್ಕೆ, ತೋಟದ ತುದಿಗಿಂತ ತುಂಬ ಮೇಲೆ. ಪಕ್ಕದಲ್ಲಿ ಹೋಲಿಸಲು ಇನ್ನೊಂದನ್ನು ಗುರುತು ಮಾಡಿಕೊಟ್ಟಳು. ಆಗ ಎರಡೂ ಹೆಚ್ಚು ಕಡಿಮೆ ಒಂದೇ ಹೊಳಪು. ಮೆಟ್ಟುಗತ್ತಿ ಬಿಟ್ಟು ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ನೋಡುವುದು, ಚೊಗರು ಅಂಟಿದ ಕೈಯನ್ನು ಸೆರಗಿಗೆ ತಾಗಿಸದ ಹಾಗೆ ಹಿಡಿದುಕೊಂಡು ನಿಲ್ಲುವುದು. ಹನ್ನೊಂದೂವರೆಗೆ ನೋಡಿದರೆ ಒಂದು ಹಾಗೇ ಇದೆ, ಇನ್ನೊಂದು ಬತ್ತಿ ಇಳಿಸಿದ ಲಾಟೀನು!

ಅಲ್ಲಿರುವುದು ಒಂದಲ್ಲವಂತೆ, ಒಂದನ್ನೊಂದು ಸುತ್ತುವ ತಾರೆಗಳು. ಮಂಕಾದದ್ದು ಪ್ರಕಾಶಮಾನವಾದದ್ದಕ್ಕೆ ಅಡ್ಡ ಬಂದಾಗ ಬೆಳಕು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ, ತಪ್ಪದೆ. 1783ರಲ್ಲಿ ಇಂಗ್ಲೆಂಡಿನ ಜಾನ್ ಗುಡ್‌ರಿಕ್ ಎಂಬ ಹುಡುಗ ಹೀಗಿರಬಹುದು ಅಂತ ಹೇಳಿದನಂತೆ. ಆಗ ಅವನಿಗೆ 18 ವರ್ಷ, ಕಿವಿ ಕೇಳುತ್ತಿರಲಿಲ್ಲ. ಇಷ್ಟನ್ನೂ ಅವಳು ಅಡಿಕೆ ಸುಲಿಯುತ್ತಲೇ ಹೇಳಿದಳು.

ಜಾತಕವೇ ಸುಳ್ಳು ಅಂತ ವಾದ ಮಾಡಲು ನಾನು ಕೂತಿಲ್ಲ. ನನ್ನ ಅಂಗಡಿ ಬಾಡಿಗೆ ಅದರಿಂದಲೂ ಸ್ವಲ್ಪ ಹುಟ್ಟುತ್ತೆ. ಆದರೆ ಮೂಲಾ ಮಾವನಿಗೆ, ಆಶ್ಲೇಷ ಅತ್ತೆಗೆ ಅಂತ ನಮ್ಮವೇ ಭಯಗಳು ಬೇಕಾದಷ್ಟಿವೆ. ಮೂಲಾ ನಕ್ಷತ್ರದ ಹುಡುಗಿಯ ಅಪ್ಪ ಅಂಗಡಿ ಖಾಲಿಯಾಗುವ ತನಕ ಕಾದು, “ಟೈಮು ಅರ್ಧ ಗಂಟೆ ಆಚೆ ಈಚೆ ಮಾಡೋಕಾಗುತ್ತಾ ಮೇಡಂ” ಅಂತ ಮೆತ್ತಗೆ ಕೇಳುವುದನ್ನು ನಾನು ಎಷ್ಟು ಸಲ ನೋಡಿಲ್ಲ! ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚು ಕಡಿಮೆ ಒಂದು ದಿನ ಬೇಕು, ಅರ್ಧ ಗಂಟೆಗೆ ಏನಾಗುತ್ತೆ ಅಂತ ಹೇಳಿ ಕಳಿಸುತ್ತೇನೆ. ಇದರ ಮೇಲೆ ಹೊರಗಿನಿಂದ ಇನ್ನೊಂದನ್ನು ತರುವವರು ಲೆಕ್ಕವನ್ನಾದರೂ ಸರಿಯಾಗಿ ತರಬೇಕಲ್ವಾ?

ದಯವಿಟ್ಟು ತಿದ್ದುಪಡಿ ಹಾಕಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇಡ, ಬರಹ ಬಂದ ಪುಟದಲ್ಲೇ ಬರಲಿ. ಮತ್ತೆ ಅದು ಭಾನುವಾರವೇ ಬರಬೇಕು. ಹುಡುಗನ ಸೋದರತ್ತೆ ವಾರದ ದಿನ ಪೇಪರ್ ಮುಟ್ಟುವುದಿಲ್ಲವಂತೆ, ಪುರವಣಿ ಮಾತ್ರ ಮೊದಲಿಂದ ಕೊನೇವರೆಗೆ ಓದುತ್ತಾರಂತೆ.

ಇತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗಿ, ಸಾಗರ